ಗೋಥಮ್‌ನ ಮರೆಯಲ್ಲಿ ಶಿಕಾಗೊ: ಚಲನಚಿತ್ರದ ಸ್ಥಳಶೋಧನೆಯ ಕೆಲವು ನೆಲೆಗಳು

ಚಲನಚಿತ್ರದ ಪ್ರತಿಯೊಂದು ದೃಶ್ಯಕ್ಕೂ ಎರಡು ಸ್ಥಳಗಳಿರುತ್ತವೆ: ಕಥೆ ನಡೆಯುವ ಸ್ಥಳ ಒಂದು, ಕ್ಯಾಮೆರಾ ನಿಂತ ಸ್ಥಳ ಇನ್ನೊಂದು. ಪೌರಾಣಿಕ ಅಥವಾ ಕಾಲ್ಪನಿಕ ನಗರವನ್ನು ತೋರಿಸುವ ಚಿತ್ರಗಳಲ್ಲಿ ಇವೆರಡರ ಅಂತರ ಹೆಚ್ಚು. ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ದಿ ಡಾರ್ಕ್ ನೈಟ್’ (೨೦೦೮) ಚಿತ್ರದ ಆರಂಭದ ಬ್ಯಾಂಕ್ ದರೋಡೆಯ ದೃಶ್ಯ ಇದಕ್ಕೆ ಉತ್ತಮ ನಿದರ್ಶನ. ಕಥೆಯಲ್ಲಿ ಅದು ಗೋಥಮ್ ನಗರ. ಚಿತ್ರೀಕರಣ ನಡೆದದ್ದು ಅಮೆರಿಕದ ಶಿಕಾಗೊದಲ್ಲಿ. ಈ ಸಾಮಾನ್ಯ ತಿಳಿವಳಿಕೆಗೆ ತೃಪ್ತರಾಗದ ಅಭಿಮಾನಿಗಳು ಯಾವ ಬೀದಿ, ಯಾವ ಕಟ್ಟಡ ಎಂಬುದನ್ನೂ ಗುರುತಿಸಲು ತೊಡಗಿದರು. ಅಂತಹ ಶೋಧನೆ ಬಳಸುವ ಆಧಾರಗಳನ್ನೂ ಅವುಗಳ ಮಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕಟ್ಟಡದ ಸಾಕ್ಷ್ಯ

ದೃಶ್ಯವು ಗಾಜಿನ ಹೊದಿಕೆಯ ಎತ್ತರದ ಕಟ್ಟಡವೊಂದರತ್ತ ಆಕಾಶದಿಂದ ಸಾಗುವ ನೋಟದೊಡನೆ ತೆರೆದುಕೊಳ್ಳುತ್ತದೆ. ಕಿಟಕಿಯೊಂದು ಒಡೆಯುತ್ತದೆ, ಮುಖವಾಡ ಧರಿಸಿದ ಇಬ್ಬರು ತಂತಿಯ ಮೇಲೆ ಜಾರಿ ಬ್ಯಾಂಕಿನ ಮಾಳಿಗೆಯನ್ನು ತಲುಪುತ್ತಾರೆ. ಈ ‘ಗೋಥಮ್ ನ್ಯಾಷನಲ್ ಬ್ಯಾಂಕ್’ ವಾಸ್ತವವಾಗಿ ಶಿಕಾಗೊದ ಹಳೆಯ ಪ್ರಧಾನ ಅಂಚೆ ಕಚೇರಿ. ೧೯೨೧ರಲ್ಲಿ ಕಟ್ಟಲಾದ ಈ ಕಚೇರಿಯನ್ನು ೧೯೩೨ರ ವೇಳೆಗೆ ಬಹಳವಾಗಿ ವಿಸ್ತರಿಸಲಾಯಿತು. ನಗರದ ಹೆದ್ದಾರಿಯೊಂದು ಕಟ್ಟಡದ ತಳದಲ್ಲಿಯೇ ಹಾದುಹೋಗುತ್ತದೆ. ಇಂತಹ ಅಪೂರ್ವ ಲಕ್ಷಣವುಳ್ಳ ಕಟ್ಟಡವನ್ನು ಬೇರೊಂದೆಂದು ಭ್ರಮಿಸುವುದು ಕಷ್ಟ. ಆದರೆ ಚೌಕಟ್ಟಿನೊಳಗೆ ಕಟ್ಟಡದ ಒಂದು ಭಾಗ ಮಾತ್ರ ಕಾಣುವಾಗ ಕಂಬ, ಕಿಟಕಿಯ ಸಾಲು, ಬಾಗಿಲಿನ ಅಲಂಕಾರ ಇವುಗಳ ಹೋಲಿಕೆಯೇ ಆಧಾರವಾಗಬೇಕಾಗುತ್ತದೆ.

೨. ಬೀದಿಯ ಸಾಕ್ಷ್ಯ

ಶಿಕಾಗೊದ ಬೀದಿಗಳ ಸಂಖ್ಯಾಕ್ರಮ ಶೋಧಕನಿಗೆ ಒದಗಿಬರುವ ಮತ್ತೊಂದು ಸಾಧನ. ೧೯೦೯ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವೆಡೆಯೇ ಎಣಿಕೆಯ ಮೂಲಬಿಂದು. ಪಶ್ಚಿಮಕ್ಕೆ ಸಾಗಿದಂತೆ ಒಂದು ಮೈಲಿಗೆ ೮೦೦ ಸಂಖ್ಯೆಗಳು ಏರುತ್ತವೆ. ಅಂಚೆ ಕಚೇರಿಯ ವಿಳಾಸ ಪಶ್ಚಿಮ ವ್ಯಾನ್ ಬ್ಯುರೆನ್ ಬೀದಿಯ ೪೩೩. ಅಂದರೆ ಅದು ಸ್ಟೇಟ್ ಬೀದಿಯಿಂದ ಅರ್ಧ ಮೈಲಿಗಿಂತ ತುಸು ಹೆಚ್ಚು ಪಶ್ಚಿಮಕ್ಕಿದೆ. ಪೂರ್ವ-ಪಶ್ಚಿಮವಾಗಿ ಸಾಗುವ ಬೀದಿಗಳಲ್ಲಿ ಬೆಸಸಂಖ್ಯೆಗಳು ದಕ್ಷಿಣ ಪಾರ್ಶ್ವಕ್ಕೆ ಸಲ್ಲುವುದರಿಂದ ಕಟ್ಟಡ ಬೀದಿಯ ಯಾವ ಬದಿಯಲ್ಲಿದೆ ಎಂಬುದೂ ಸಂಖ್ಯೆಯಿಂದಲೇ ತಿಳಿಯುತ್ತದೆ. ಶಾಸನೋಕ್ತ ಗಡಿಗಳ ನೆರವಿನಿಂದ ಹಳೆಯ ಊರನ್ನು ಗುರುತಿಸುವ ವಿದ್ವಾಂಸರ ಕ್ರಮಕ್ಕೆ ಇದು ದೂರವಾದುದಲ್ಲ.

೩. ನೆರಳಿನ ಸಾಕ್ಷ್ಯ

ಶಿಕಾಗೊ ಸುಮಾರು ೪೨ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಉತ್ತರದಲ್ಲಿರುವುದರಿಂದ ನಡುಹಗಲಿನ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಹೀಗಾಗಿ ನೆರಳಿನ ದಿಕ್ಕಿನಿಂದ ಬೀದಿಯ ದಿಕ್ಕನ್ನೂ, ಅದರ ಉದ್ದದಿಂದ ಹೊತ್ತನ್ನೂ ಊಹಿಸಬಹುದು. ಒಂದೇ ಬೆಳಗಿನ ಘಟನೆಯೆಂದು ಕಥೆ ಹೇಳುವ ಎರಡು ಚಿತ್ರಿಕೆಗಳಲ್ಲಿ ನೆರಳಿನ ಉದ್ದ ಬೇರೆಬೇರೆಯಾಗಿದ್ದರೆ ಅವು ಭಿನ್ನ ಸಮಯದಲ್ಲಿ ಚಿತ್ರಿತವಾದವೆಂಬ ಅನುಮಾನ ಸಹಜ. ಆದರೆ ಕೃತಕ ಬೆಳಕಿನ ಸಾಧ್ಯತೆಯನ್ನು ತಳ್ಳಿಹಾಕದೆ ಇದನ್ನು ನಿರ್ಣಾಯಕವೆನ್ನಲಾಗದು.

೪. ಸಂಕಲನದ ಅಡ್ಡಿ

ಮುಖ್ಯವಾದ ತೊಡಕು ಇರುವುದು ಸಂಕಲನದಲ್ಲಿ. ರಷ್ಯದ ನಿರ್ದೇಶಕ ಲೆವ್ ಕುಲೆಶೋವ್ ೧೯೨೦ರ ದಶಕದಲ್ಲಿ ಮಾಸ್ಕೋದ ಭಿನ್ನ ತಾಣಗಳ ಚಿತ್ರಿಕೆಗಳ ನಡುವೆ ವಾಷಿಂಗ್ಟನ್ನಿನ ಶ್ವೇತಭವನದ ದೃಶ್ಯವನ್ನೂ ಜೋಡಿಸಿ, ಅವೆಲ್ಲ ಒಂದೇ ನೆರೆಯಲ್ಲಿವೆ ಎಂದು ಪ್ರೇಕ್ಷಕ ನಂಬುವಂತೆ ಮಾಡಿದ. ಇದನ್ನು ಅವನು ‘ಸೃಜನಶೀಲ ಭೂಗೋಳ’ವೆಂದು ಕರೆದ. ಗಾಜಿನ ಕಟ್ಟಡ ಬ್ಯಾಂಕಿಗೆ ಎದುರಿನದೆಂದು ಹೇಳುವುದು ತಂತಿಯ ಮೇಲಿನ ಜಾರುವಿಕೆ, ನಕ್ಷೆಯಲ್ಲ. ಬ್ಯಾಂಕಿನಿಂದ ಹೊರಬಂದ ಶಾಲಾ ಬಸ್ಸು ಬಸ್ಸುಗಳ ಸಾಲನ್ನು ಸೇರುವ ಬೀದಿಯ ಬಗೆಗೂ ಇದೇ ಎಚ್ಚರ ಅಗತ್ಯ. ಒಂದು ಚಿತ್ರಿಕೆಯ ಗುರುತನ್ನು ಮುಂದಿನ ಚಿತ್ರಿಕೆಗೆ ಆರೋಪಿಸದೆ, ಪ್ರತಿಯೊಂದನ್ನೂ ಸ್ವತಂತ್ರವಾಗಿ ಸಾಧಿಸಬೇಕು.

೫. ಶೋಧನೆಯ ಪ್ರಯೋಜನ

ಈ ಶ್ರಮ ಕೇವಲ ಕುತೂಹಲವೇ ಎಂಬ ಪ್ರಶ್ನೆ ಏಳಬಹುದು. ಅಂಚೆ ಇಲಾಖೆ ೧೯೯೦ರ ದಶಕದ ಮಧ್ಯಭಾಗದಲ್ಲಿ ತೊರೆದ ಮೇಲೆ ಈ ಕಟ್ಟಡ ಎರಡು ದಶಕಗಳಷ್ಟು ಕಾಲ ಬಹುಮಟ್ಟಿಗೆ ಬರಿದಾಗಿತ್ತು. ಚಿತ್ರತಂಡ ೨೦೦೭ರಲ್ಲಿ ಅಲ್ಲಿಗೆ ಬಂದದ್ದು ಈ ಅವಧಿಯಲ್ಲಿಯೇ. ಅನಂತರ ನವೀಕರಣಗೊಂಡ ಕಟ್ಟಡ ೨೦೧೯ರಲ್ಲಿ ಕಚೇರಿಗಳ ಸಂಕೀರ್ಣವಾಗಿ ತೆರೆಯಿತು. ಆ ನಡುಗಾಲದ ಒಳಾಂಗಣವನ್ನು ಐಮ್ಯಾಕ್ಸ್ ಕ್ಯಾಮೆರಾದ ಸೂಕ್ಷ್ಮತೆಯಿಂದ ಹಿಡಿದಿಟ್ಟ ಈ ದೃಶ್ಯ ಅನುದ್ದೇಶಿತವಾಗಿ ಕಟ್ಟಡದ ದಾಖಲೆಯೂ ಆಗಿದೆ. ಆದರೆ ಬ್ಯಾಂಕಿನ ಮೇಜು, ಫಲಕಗಳು ಚಿತ್ರಕ್ಕಾಗಿ ಇರಿಸಿದವು. ಗೋಡೆ, ಚಾವಣಿಗಳು ಕಟ್ಟಡದವು. ಯಾವುದು ಯಾರದೆಂದು ಬೇರ್ಪಡಿಸದಿದ್ದರೆ ದಾಖಲೆ ತಪ್ಪು ಸಾಕ್ಷಿಯಾಗುತ್ತದೆ. ಅಭಿಮಾನಿಗಳ ಶೋಧನೆ ಬೆಲೆ ಪಡೆಯುವುದು ಈ ವಿವೇಚನೆಯಿಂದ. ಕಲ್ಪಿತ ನಗರದ ಮರೆಯಲ್ಲಿ ಉಳಿದ ನಿಜನಗರದ ಚರಿತ್ರೆ ಕಾಣಿಸುವುದು ಆಗ ಮಾತ್ರ.