ದೇಣಿಗೆಯ ಓಟದಲ್ಲಿ ಗಾಲಿಕುರ್ಚಿ

ದೇಣಿಗೆ ಕೂಡಿಸುವ ಓಟ ಎಂದರೆ ಗಟ್ಟಿ ಕಾಲಿನವರು ಓಡುವುದು, ಅಂಗವಿಕಲರು ನೆರವು ಪಡೆಯುವುದು ಎಂಬ ಎಣಿಕೆ ಇನ್ನೂ ಹೋಗಿಲ್ಲ. 2001ರಲ್ಲಿ ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯ ಓಟದಲ್ಲಿ ಹೆಸರಾದವರು; ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಕಟ್ಟಿದವರೂ ಅವರೇ. ಓಡುವವರೂ ಕೊಡುವವರೂ ಒಬ್ಬರೇ ಆಗಬಹುದು ಎನ್ನಲು ಇಷ್ಟು ಸಾಕು. 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಓಟದಲ್ಲೂ ಅಂಗವಿಕಲರಿಗೆ ಪ್ರತ್ಯೇಕ ವಿಭಾಗವಿದೆ. ಆದರೆ ಅಂಥದೊಂದು ಓಟ ಕಲಬುರಗಿ ಜಿಲ್ಲೆಯ ಅಫಜಲಪುರದಲ್ಲಿ ಏಕೆ ಆಗಬಾರದು? ತೋಳಿನ ಬಲ ಸಾಲದೆಂದಲ್ಲ. ದಾರಿ, ಹೊತ್ತು, ನಿಯಮ ಈ ಮೂರನ್ನು ಕಾಲಿನ ಓಟಕ್ಕೆಂದೇ ಗೊತ್ತುಮಾಡಿಟ್ಟಿದ್ದೇವೆ, ತೊಡಕು ಅಲ್ಲಿದೆ.

ತೋಳಿನ ಮಾತು 1975ರಲ್ಲೇ ತೀರ್ಮಾನವಾಗಿದೆ. ಮೂರು ಗಂಟೆಯೊಳಗೆ ಮುಗಿಸಿದರೆ ಪ್ರಮಾಣಪತ್ರ ಎಂಬ ಷರತ್ತಿನ ಮೇಲೆ ಗಾಲಿಕುರ್ಚಿಯಲ್ಲಿ ಬಾಸ್ಟನ್ ಮ್ಯಾರಥಾನಿಗೆ ಇಳಿದ ಬಾಬ್ ಹಾಲ್ 2 ಗಂಟೆ 58 ನಿಮಿಷದಲ್ಲಿ ಗುರಿ ಮುಟ್ಟಿದರು. 2021ರಲ್ಲಿ ಜಪಾನಿನ ಓಯಿಟಾದಲ್ಲಿ ಮಾರ್ಸೆಲ್ ಹಗ್ ಅಷ್ಟೇ ದೂರದ ಹೊತ್ತನ್ನು 1 ಗಂಟೆ 17 ನಿಮಿಷ 47 ಸೆಕೆಂಡಿಗೆ ಇಳಿಸಿದರು. ಕಾಲಿನಲ್ಲಿ ಓಡುವವರು ಇನ್ನೂ ಎರಡು ಗಂಟೆಯ ಆಸುಪಾಸಿನಲ್ಲಿದ್ದಾರೆ. ಹಾಗಾದರೆ ಇಳಿಜಾರಿನಲ್ಲಿ ಗಾಲಿ ಯಾರಿಗಾದರೂ ಬಡಿದೀತಲ್ಲ ಎಂದು ಕೇಳುವವರಿದ್ದಾರೆ. ಬಡಿದೀತು, ನಿಜ. ಅದಕ್ಕೇ ದೊಡ್ಡ ಓಟಗಳಲ್ಲಿ ಗಾಲಿಕುರ್ಚಿಗಳನ್ನು ಜನಜಂಗುಳಿಗಿಂತ ಮೊದಲೇ ಬಿಡುತ್ತಾರೆ. ಕೆಲವೇ ನಿಮಿಷದ ಅಂತರದಿಂದ ನೀಗುವ ಅಪಾಯವನ್ನು ಮುಂದಿಟ್ಟು ಬಾಗಿಲು ಹಾಕುವುದು ಸಲ್ಲದು.

ಓಟದ ಕುರ್ಚಿ ದುಬಾರಿ, ಅದು ಹಳ್ಳಿಯವರ ಕೈಗೆಟುಕದು ಎಂಬ ಆಕ್ಷೇಪ ಇನ್ನೂ ತೂಕದ್ದು. ಮುಂದೆ ಒಂದು, ಹಿಂದೆ ಓರೆಯಾಗಿ ಎರಡು ಗಾಲಿಗಳಿರುವ ಆ ಹಗುರ ಕುರ್ಚಿ ಸ್ಪರ್ಧೆಗೆ ಬೇಕು, ದೇಣಿಗೆಗೆ ಬೇಡ. 2014ರಿಂದ ನಡೆಯುತ್ತಿರುವ ವಿಂಗ್ಸ್ ಫಾರ್ ಲೈಫ್ ಎಂಬ ದೇಣಿಗೆಯ ಓಟದಲ್ಲಿ ದಿನಬಳಕೆಯ ಗಾಲಿಕುರ್ಚಿಯಲ್ಲೇ ಪಾಲ್ಗೊಳ್ಳಬಹುದು. ಗುರಿಗೆರೆಯೇ ಇಲ್ಲ, ಹಿಂದಿನಿಂದ ಬರುವ ಕಾರು ದಾಟಿಹೋಗುವ ತನಕ ಸಾಗಿದಷ್ಟೂ ಅವರವರ ದೂರ. ನಮ್ಮಲ್ಲಿ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲಿಗೂ ಜಾಗ ಕೊಡಬೇಕು.

ಇನ್ನು ಅಫಜಲಪುರದ ನೆಲ ಮತ್ತು ಬಿಸಿಲು. ಕುರ್ಚಿಯ ಮುಂದಿನ ಸಣ್ಣ ಗಾಲಿ ಕಡಿಯಲ್ಲಿ ಸಿಕ್ಕಿಬೀಳುತ್ತದೆ. ಮಳೆ ಬಿದ್ದ ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಕೈ ಸೋಲುತ್ತದೆ. ಬಿಸಿಲಂತೂ ಬರೀ ದಣಿವಿನ ಮಾತಲ್ಲ: ಬೆನ್ನುಹುರಿಗೆ ಮೇಲುಭಾಗದಲ್ಲಿ ಪೆಟ್ಟಾದವರಿಗೆ ಅದರ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ, ಒಳಗಿನ ಕಾವು ಬೇಗ ಏರುತ್ತದೆ. ನಲವತ್ತು ಡಿಗ್ರಿ ಮೀರುವ ಬೇಸಿಗೆಯಲ್ಲಿ ಇಲ್ಲಿ ಓಟ ಇಟ್ಟರೆ ಅದು ತಪ್ಪೇ. ಚಳಿಗಾಲದ ನಸುಕಿನಲ್ಲಿ, ಡಾಂಬರು ಗಟ್ಟಿಯಿರುವ ದಾರಿಯಲ್ಲಿ, ನೀರು ಚಿಮುಕಿಸುವವರನ್ನು ನಿಲ್ಲಿಸಿ ಓಟ ಇಡಬಹುದು. ಇಷ್ಟೊಂದು ಖಟಪಟಿ ಕೆಲವರಿಗಾಗಿಯೇ ಎನ್ನುವವರು ಇದೇ ತಾಲ್ಲೂಕಿನ ಗಾಣಗಾಪುರದ ದತ್ತಾತ್ರೇಯನ ಗುಡಿಗೆ ಬರುವ ಮುದುಕರನ್ನು ನೆನೆಯಲಿ. ಗಾಲಿಕುರ್ಚಿಗೆಂದು ಕಟ್ಟುವ, ಹನ್ನೆರಡಡಿಗೆ ಒಂದಡಿ ಏರುವ ಇಳಿಜಾರು ಅವರ ಮೊಣಕಾಲಿಗೂ ಬೇಕಾದದ್ದೇ. ಸರ್ಕಾರದ ಮಟ್ಟಿಗೆ ಇದು ಔದಾರ್ಯವೂ ಅಲ್ಲ: ಅಂಗವಿಕಲರು ಆಟೋಟಗಳಲ್ಲಿ ಪಾಲ್ಗೊಳ್ಳುವಂತೆ ಅನುಕೂಲ ಕಲ್ಪಿಸುವುದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಅದರ ಹೊಣೆಯಾಗಿಸಿದೆ. ಸಂಘಟಕರು ದಾರಿ ಗೊತ್ತುಮಾಡುವ ಮೊದಲು ಗಾಲಿಕುರ್ಚಿ ಬಳಸುವ ಒಬ್ಬರನ್ನು ಆ ದಾರಿಯಲ್ಲಿ ಸಾಗಲು ಕರೆದು, ಅವರು ನಿಂತ ಕಡೆಯಲ್ಲೆಲ್ಲ ಸುಣ್ಣದ ಗುರುತು ಹಾಕಿ ಪುರಸಭೆಗೆ ತೋರಿಸಲಿ.