ತಕ್ಕಡಿಗೆ ಕಾಣದ ಕಬ್ಬಿಣ

ಬಳ್ಳಾರಿಯ ಕೌಲ್ ಬಜಾರಿನಿಂದ ಕಾಲೇಜಿಗೆ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳು, ಮನೆಯಲ್ಲಿ ಮದುವೆಯ ಮಾತು ಎದ್ದ ಮೇಲೆ, ಮೈ ಇಳಿಸಲೆಂದು ರೊಟ್ಟಿ-ಬೇಳೆಗಳನ್ನು ಬಿಟ್ಟು ಸೌತೆಕಾಯಿ ಮತ್ತು ಚಹದಲ್ಲೇ ದಿನ ಕಳೆಯತೊಡಗಿದಳು. ಕೆಲವು ತಿಂಗಳಲ್ಲಿ ತೂಕವೇನೋ ಇಳಿಯಿತು. ಆದರೆ ಪ್ರಯೋಗಶಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು. ರಕ್ತ ಪರೀಕ್ಷಿಸಿದ ವೈದ್ಯರು ಕಬ್ಬಿಣ ಸಾಲದೆಂದರು. ಸಂಡೂರಿನ ಅದಿರಿನ ಬೆಟ್ಟಗಳಿರುವ ಜಿಲ್ಲೆಯಲ್ಲಿ ಕಬ್ಬಿಣಕ್ಕೆ ಬರವೆ?

ಅವಳೊಬ್ಬಳ ಮಾತಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯುಂಟು. ಕಬ್ಬಿಣದ ಕೊರತೆ ಅದರ ಮುಖ್ಯ ಕಾರಣಗಳಲ್ಲೊಂದು.

ಭೌತಶಾಸ್ತ್ರದಲ್ಲಿ ನಾವು ಬಂದುದೆಷ್ಟು, ಹೋದುದೆಷ್ಟು, ಉಳಿದುದೆಷ್ಟು ಎಂದು ಲೆಕ್ಕ ಹಾಕುತ್ತೇವೆ. ಅದೇ ಲೆಕ್ಕವನ್ನು ಶರೀರಕ್ಕೂ ಅನ್ವಯಿಸಿ ನೋಡೋಣ. ಊಟ ಕಡಿಮೆಯಾದಾಗ ಶಕ್ತಿಯ ಕೊರತೆಯನ್ನು ಮೈಯ ಕೊಬ್ಬು ತುಂಬುತ್ತದೆ. ಒಂದು ಕಿಲೋಗ್ರಾಂ ಕೊಬ್ಬಿನಿಂದ ಸುಮಾರು 7000 ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ. ಕಬ್ಬಿಣದ ಸಂಗತಿ ಹಾಗಲ್ಲ. ವಯಸ್ಕ ಸ್ತ್ರೀಯ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ ಎರಡೂವರೆ ಗ್ರಾಮಿನ ಆಸುಪಾಸು. ನಾಲ್ಕು ಗ್ರಾಂ ಒಳ್ಳೆಯ ಅದಿರಿನಲ್ಲಿ ಅಷ್ಟು ಸಿಕ್ಕೀತು! ಅದರಲ್ಲಿ ಬಹುಭಾಗ ಹೀಮೊಗ್ಲೋಬಿನ್ನಿನಲ್ಲಿದ್ದು ಆಮ್ಲಜನಕವನ್ನು ಹೊರುತ್ತದೆ. ಆಪತ್ಕಾಲದ ದಾಸ್ತಾನು ಸುಮಾರು 300 ಮಿಲಿಗ್ರಾಂ ಮಾತ್ರ. ಅನೇಕರಲ್ಲಿ ಅಷ್ಟೂ ಇರುವುದಿಲ್ಲ. ಖರ್ಚಾದರೋ ನಿಲ್ಲದು. ತಿಂಗಳ ಮುಟ್ಟಿನಲ್ಲಿ 40 ಮಿಲಿಲೀಟರ್ ರಕ್ತ ಹೋದರೆ ಸುಮಾರು 16 ಮಿಲಿಗ್ರಾಂ ಕಬ್ಬಿಣ ಹೋದಂತೆ. ಊಟವನ್ನು ಅರ್ಧಕ್ಕೆ ಇಳಿಸಿದರೆ ಕಬ್ಬಿಣದ ಆದಾಯವೂ ಅರ್ಧಕ್ಕಿಳಿಯುತ್ತದೆ. ಈ ಖರ್ಚು ಮಾತ್ರ ಅರ್ಧವಾಗುವುದಿಲ್ಲ.

ತಕ್ಕಡಿ ಇದನ್ನು ತಿಳಿಸಲಾರದು. ಐದು ಕಿಲೋಗ್ರಾಂ ಇಳಿದ ಸಂತೋಷದಲ್ಲಿ ನೂರು ಮಿಲಿಗ್ರಾಮಿನ ನಷ್ಟ ಕಾಣುವುದೆಂತು? ಮೊದಲು ದಾಸ್ತಾನು ಬರಿದಾಗುತ್ತದೆ. ಹೀಮೊಗ್ಲೋಬಿನ್ ಕುಗ್ಗುವುದು ಆಮೇಲೆ. ಆದುದರಿಂದ ಹೀಮೊಗ್ಲೋಬಿನ್ನಿನ ಪರೀಕ್ಷೆಯಲ್ಲಿ ತೋರದ ಕೊರತೆಯೂ ದಾಸ್ತಾನನ್ನು ಅಳೆಯುವ ಫೆರಿಟಿನ್ ಪರೀಕ್ಷೆಯಲ್ಲಿ ತೋರಬಹುದು.

ಹಾಗಾದರೆ ಮೈ ಇಳಿಸಬಾರದೆ? ಅಗತ್ಯವಿದ್ದವರು ಅವಶ್ಯವಾಗಿ ಇಳಿಸಲಿ; ಆದರೆ ಬಿಡುವುದೇನು, ಉಳಿಸುವುದೇನು ಎಂಬುದನ್ನು ಅರಿತು ಇಳಿಸಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕ ಸ್ತ್ರೀಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಗೊತ್ತುಮಾಡಿತು. ನಮ್ಮ ಆಹಾರದ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವ ಪಾಲು ಅತ್ಯಲ್ಪವಾದುದೇ ಇದಕ್ಕೆ ಕಾರಣ. ನೂರು ಗ್ರಾಂ ಪಾಲಿಷ್ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6, ಹುರುಳಿಯಲ್ಲಿ 8ಕ್ಕೂ ಮಿಕ್ಕಿ ಉಂಟು. ಎಣ್ಣೆ-ಸಕ್ಕರೆಗಳನ್ನು ಕಡಿಮೆಮಾಡಿ ಇವುಗಳನ್ನು ಉಳಿಸಿಕೊಳ್ಳುವುದು ಜಾಣತನ. ಊಟದೊಡನೆ ನಿಂಬೆಯ ಹುಳಿಯಿದ್ದರೆ ಕಬ್ಬಿಣ ಹೆಚ್ಚಾಗಿ ಹೀರಲ್ಪಡುತ್ತದೆ. ಊಟದೊಡನೆ ಕುಡಿದ ಚಹ ಅದನ್ನು ತಡೆಯುತ್ತದೆ. ಮಾಂಸಾಹಾರಿಗಳಿಗೆ ಮಾಂಸದ ಕಬ್ಬಿಣ ಇನ್ನೂ ಸುಲಭವಾಗಿ ದಕ್ಕುತ್ತದೆ.

ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗತಕ್ಕದ್ದಲ್ಲ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ಪ್ರತ್ಯೇಕ ಮಾರ್ಗ ಶರೀರಕ್ಕಿಲ್ಲ.

ನಮ್ಮ ವಿದ್ಯಾರ್ಥಿನಿ ಈಗ ವೈದ್ಯರು ಹೇಳಿದಂತೆ ಮಾತ್ರೆ ನುಂಗುತ್ತ, ಜೋಳದ ರೊಟ್ಟಿ, ಹುರುಳಿಯ ಪಲ್ಯ, ನಿಂಬೆಯ ಹೋಳುಗಳಿಗೆ ಮರಳಿದ್ದಾಳೆ. ತೂಕ ಇಳಿಯುವುದು ನಿಧಾನವಾಗಿದೆ; ಮೆಟ್ಟಿಲನ್ನು ಮಾತ್ರ ನಿಲ್ಲದೆ ಹತ್ತುತ್ತಾಳೆ.