ವಿದ್ಯುತ್ಕೋಶ ನುಡಿಯುವ ನಿಜ

ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಕಾಣಬರಬಹುದಾದ ಒಂದು ದೃಶ್ಯದಿಂದ ನಮ್ಮ ವಿಷಯವನ್ನು ಆರಂಭಿಸೋಣ. ವಿದ್ಯಾರ್ಥಿಯೊಬ್ಬನು ಎರಡು ಬೀಕರುಗಳನ್ನು ಮುಂದಿರಿಸಿಕೊಂಡು ಡೇನಿಯಲ್ ಕೋಶವನ್ನು ಅಣಿಗೊಳಿಸಿದ್ದಾನೆ. ಒಂದರಲ್ಲಿ ಸತುವಿನ ಸಲ್ಫೇಟಿನ ದ್ರಾವಣ, ಅದರೊಳಗೆ ಸತುವಿನ ಪಟ್ಟಿ. ಇನ್ನೊಂದರಲ್ಲಿ ಮೈಲುತುತ್ತದ ನೀಲಿ ದ್ರಾವಣ, ಅದರೊಳಗೆ ತಾಮ್ರದ ಪಟ್ಟಿ. ಎರಡು ದ್ರಾವಣಗಳನ್ನೂ ಲವಣಸೇತುವೆಯೊಂದು ಕೂಡಿಸಿದೆ. ವೋಲ್ಟ್‌ಮಾಪಕವನ್ನು ಜೋಡಿಸಿದೊಡನೆ ೧.೦೯ ಎಂಬ ಅಂಕಿ ಕಾಣಿಸುತ್ತದೆ. ಪಠ್ಯಪುಸ್ತಕದಲ್ಲಿರುವುದಾದರೋ ೧.೧೦ ವೋಲ್ಟ್. ತನ್ನ ಪ್ರಯೋಗದಲ್ಲಿಯೇ ಏನೋ ದೋಷವಿರಬೇಕೆಂದು ಹೆದರಿ, ಅವನು ಬರೆದುದನ್ನು ಅಳಿಸಿ ೧.೧೦ ಎಂದು ತಿದ್ದುತ್ತಾನೆ. ಪಕ್ಕದ ಮೇಜಿನ ವಿದ್ಯಾರ್ಥಿನಿ ಅವನಿಗಿಂತ ಕೊಂಚ ಹೆಚ್ಚು ಓದಿಕೊಂಡವಳು. ಆಕೆಯ ಮಾಪಕವೂ ೧.೦೯ ಎಂದೇ ತೋರಿಸಿತು. ಆದರೆ ಸೂತ್ರವನ್ನು ಬಳಸಿ ಲೆಕ್ಕ ಹಾಕಿದಾಗ ೧.೦೭ ಎಂದು ಬಂದುದರಿಂದ, ಆಕೆ ಅದನ್ನೇ ಬರೆದಿಡುತ್ತಾಳೆ.

ಇಬ್ಬರ ಕೋಶಗಳೂ ಒಂದೇ ಬಗೆಯವು; ಸತುವಿನ ದ್ರಾವಣ ಲೀಟರಿಗೆ ೧ ಮೋಲ್, ತಾಮ್ರದ ದ್ರಾವಣ ಲೀಟರಿಗೆ ೦.೧ ಮೋಲ್. ಹೀಗಿರಲು ೧.೧೦, ೧.೦೭, ೧.೦೯ ಎಂಬ ಈ ಮೂರು ಅಂಕಿಗಳಲ್ಲಿ ನಿಜವಾದುದು ಯಾವುದು? ಈ ಸಣ್ಣ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ವಿದ್ಯುದ್ರಸಾಯನದ ತಿರುಳಿನವರೆಗೂ ನಾವು ಹೋಗಬೇಕಾಗುತ್ತದೆ.

ಪುಸ್ತಕದ ಅಂಕಿ ಎಲ್ಲಿಯದು?

೧೮೦೦ರಲ್ಲಿ ಇಟಲಿಯ ವೋಲ್ಟಾ ಮೊದಲ ವಿದ್ಯುತ್ಕೋಶರಾಶಿಯನ್ನು ಲೋಕಕ್ಕೆ ತಿಳಿಸಿದನು. ಅದರ ಬಲ ಬೇಗನೆ ಕುಗ್ಗುತ್ತಿದ್ದಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜಾನ್ ಫ್ರೆಡರಿಕ್ ಡೇನಿಯಲ್ ೧೮೩೬ರಲ್ಲಿ ರಚಿಸಿದ ಕೋಶವು ಈ ಕೊರತೆಯನ್ನು ನೀಗಿಸಿತು. ಅದರೊಳಗೆ ನಡೆಯುವ ಕ್ರಿಯೆ ಬಲು ಸರಳವಾದುದು. ಸತುವಿನ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಪಟ್ಟಿಯಲ್ಲಿ ಬಿಟ್ಟು, ಅಯಾನಾಗಿ ದ್ರಾವಣಕ್ಕಿಳಿಯುತ್ತದೆ. ಆ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ತಾಮ್ರದ ಪಟ್ಟಿಯನ್ನು ಸೇರುತ್ತವೆ. ಅಲ್ಲಿ ತಾಮ್ರದ ಅಯಾನು ಅವುಗಳನ್ನು ಸ್ವೀಕರಿಸಿ ಲೋಹವಾಗಿ ಪಟ್ಟಿಯ ಮೇಲೆ ಕೂಡುತ್ತದೆ. ಸತುವು ಕರಗುವುದು, ತಾಮ್ರ ಕೂಡುವುದು. ಇವೆರಡರ ನಡುವಣ ಓಟವೇ ವಿದ್ಯುತ್ಪ್ರವಾಹ. ಎಲೆಕ್ಟ್ರಾನುಗಳನ್ನು ತಳ್ಳುವ ಒತ್ತಡವನ್ನು ಕೋಶದ ವಿಭವವೆಂದು ಕರೆಯುತ್ತೇವೆ.

ಬೆಟ್ಟಗಳ ಎತ್ತರವನ್ನು ಹೇಳುವಾಗ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿಯುವಂತೆ, ವಿಭವಗಳನ್ನು ಹೇಳುವಾಗ ಜಲಜನಕದ ವಿದ್ಯುದಗ್ರವನ್ನು ಸೊನ್ನೆಯೆಂದು ಹಿಡಿಯುವ ಒಪ್ಪಂದವಿದೆ. ಆ ಲೆಕ್ಕದಲ್ಲಿ ತಾಮ್ರದ್ದು +೦.೩೪ ವೋಲ್ಟ್, ಸತುವಿನದು −೦.೭೬ ವೋಲ್ಟ್, ಅಂತರ ೧.೧೦ ವೋಲ್ಟ್. ಆದರೆ ಇದಕ್ಕೆ ಕೆಲವು ಷರತ್ತುಗಳುಂಟು. ಪ್ರತಿಯೊಂದು ಅಯಾನಿನ ಸಾರತೆ ಲೀಟರಿಗೆ ೧ ಮೋಲ್ ಇರಬೇಕು. ಅನಿಲವಿದ್ದರೆ ಅದರ ಒತ್ತಡ ೧ ಬಾರ್ ಇರಬೇಕು. ಕೋಷ್ಟಕದ ಅಂಕಿಗಳು ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಗೆ ಸಲ್ಲುತ್ತವೆ. ಇದೇ ಪ್ರಮಾಣ ಸ್ಥಿತಿ. ಪುಸ್ತಕದ ೧.೧೦ ಈ ಸ್ಥಿತಿಗೆ ಸಂಬಂಧಿಸಿದ ಅಂಕಿ. ನಮ್ಮ ವಿದ್ಯಾರ್ಥಿಯ ತಾಮ್ರದ ದ್ರಾವಣವಾದರೋ ಅದರ ಹತ್ತರಲ್ಲೊಂದು ಪಾಲು ಮಾತ್ರ ಸಾರವುಳ್ಳದ್ದು. ಬೇರೆಯ ಕೋಶವೊಂದಕ್ಕೆ ಸಲ್ಲುವ ಅಂಕಿಯನ್ನು ಅವನು ತನ್ನ ಕೋಶಕ್ಕೆ ಹಚ್ಚಿಬಿಟ್ಟನು.

ಸಾರತೆ ಬದಲಾದರೆ ಏನಾಗುತ್ತದೆ?

ಜಾತ್ರೆಯ ಜನಸಂದಣಿಯೊಳಕ್ಕೆ ನುಗ್ಗುವುದು ಕಷ್ಟ, ಬಯಲಿಗೆ ಇಳಿಯುವುದು ಸುಲಭ. ಸತುವಿನ ಅಯಾನುಗಳು ದ್ರಾವಣದಲ್ಲಿ ಈಗಾಗಲೇ ದಟ್ಟವಾಗಿದ್ದರೆ ಹೊಸ ಅಯಾನುಗಳು ಇಳಿಯುವ ಪ್ರವೃತ್ತಿ ಕಡಿಮೆಯಾಗುತ್ತದೆ. ಹಾಗೆಯೇ ತಾಮ್ರದ ಅಯಾನುಗಳು ವಿರಳವಾಗಿದ್ದರೆ ಪಟ್ಟಿಯ ಮೇಲೆ ಕೂಡುವ ಪ್ರವೃತ್ತಿ ಕುಗ್ಗುತ್ತದೆ. ಎರಡರಿಂದಲೂ ವಿಭವ ತಗ್ಗುವುದು. ಪ್ರತಿಯಾಗಿ ತಾಮ್ರದ ದ್ರಾವಣ ಸಾರವತ್ತಾಗಿ, ಸತುವಿನ ದ್ರಾವಣ ನೀರಾಗಿದ್ದರೆ ವಿಭವ ೧.೧೦ಕ್ಕಿಂತ ಮೇಲೇರುವುದು.

ಎಷ್ಟು ಏರುವುದು, ಎಷ್ಟು ಇಳಿಯುವುದು ಎಂಬುದನ್ನು ೧೮೮೯ರಲ್ಲಿ ಲೆಕ್ಕಕ್ಕೆ ತಂದವನು ಜರ್ಮನಿಯ ವಾಲ್ಟರ್ ನೆರ್ನ್ಸ್ಟ್. ಆಗ ಅವನಿಗೆ ಇಪ್ಪತ್ತೈದು ವರ್ಷ. ಲೈಪ್ಜಿಗ್‌ನಲ್ಲಿ ಓಸ್ಟ್‌ವಾಲ್ಡನ ಬಳಿ ಕೆಲಸಮಾಡುತ್ತಿದ್ದನು. ಮುಂದೆ ಉಷ್ಣರಸಾಯನದ ಸಂಶೋಧನೆಗಾಗಿ ೧೯೨೦ರ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ಅವನ ಆಲೋಚನೆಯ ಹಾದಿ ಹೀಗಿದೆ. ಉಷ್ಣತೆಯನ್ನು ಸ್ಥಿರವಾಗಿಟ್ಟು ಅನಿಲವೊಂದನ್ನು ಹತ್ತು ಪಟ್ಟು ಹಿಗ್ಗಗೊಟ್ಟರೆ ದೊರೆಯುವ ಕೆಲಸ ಒಂದು ನಿಶ್ಚಿತ ಪ್ರಮಾಣದ್ದು. ಒಂದು ಲೀಟರು ಹತ್ತಾದರೂ ಸರಿ, ಹತ್ತು ಲೀಟರು ನೂರಾದರೂ ಸರಿ, ಕೆಲಸ ಅಷ್ಟೇ. ದ್ರಾವಣದಲ್ಲಿರುವ ಅಯಾನುಗಳಿಗೂ ಇದೇ ನ್ಯಾಯ. ಆದುದರಿಂದ ಇಲ್ಲಿ ಮುಖ್ಯವಾದುದು ಸಾರತೆಗಳ ವ್ಯತ್ಯಾಸವಲ್ಲ, ಅವುಗಳ ಅನುಪಾತ. ಅನುಪಾತವು ಹತ್ತು ಪಟ್ಟಾದಾಗಲೆಲ್ಲ ಒಂದೊಂದು ಸಮನಾದ ಮೆಟ್ಟಿಲು. ಹತ್ತರ ಮಡಿಗಳನ್ನು ಎಣಿಸುವ ಗಣಿತದ ಸಾಧನವೇ ಲಾಗರಿದಮ್ ಎಂಬುದು ವಾಚಕರಿಗೆ ತಿಳಿದಿರುವುದಷ್ಟೆ. ಹೀಗೆ ೨೫ ಡಿಗ್ರಿಯಲ್ಲಿ ಸಲ್ಲುವ ಸೂತ್ರ ದೊರೆಯುತ್ತದೆ:

ವಾಸ್ತವ ವಿಭವ = ಪ್ರಮಾಣ ವಿಭವ − (೦.೦೫೯೨ ÷ ಎಲೆಕ್ಟ್ರಾನುಗಳ ಸಂಖ್ಯೆ) × ಲಾಗ್ (ಕ್ರಿಯಾಲಬ್ಧ)

೦.೦೫೯೨ ಎಂಬುದು ಆಕಾಶದಿಂದ ಉದುರಿದ ಸಂಖ್ಯೆಯಲ್ಲ. ಅನಿಲ ಸ್ಥಿರಾಂಕವಾದ ೮.೩೧೪ನ್ನು ನಿರಪೇಕ್ಷ ಉಷ್ಣತೆಯಾದ ೨೯೮.೧೫ರಿಂದ ಗುಣಿಸಿ, ಒಂದು ಮೋಲ್ ಎಲೆಕ್ಟ್ರಾನುಗಳ ವಿದ್ಯುದಂಶವಾದ ೯೬,೪೮೫ ಕೂಲಂಬುಗಳಿಂದ ಭಾಗಿಸಿ, ಸಹಜ ಲಾಗರಿದಮ್ಮನ್ನು ಹತ್ತರ ಲಾಗರಿದಮ್ಮಿಗೆ ತಿರುಗಿಸಲು ೨.೩೦೩ರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ವಿದ್ಯಾರ್ಥಿಗಳು ಒಮ್ಮೆ ತಾವೇ ಮಾಡಿ ನೋಡುವುದು ಒಳ್ಳೆಯದು. ಉಷ್ಣತೆ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ; ಪ್ರಮಾಣ ವಿಭವವೂ ಸ್ವಲ್ಪ ಬದಲಾಗುತ್ತದೆಂಬುದನ್ನು ಮರೆಯಬಾರದು.

ಕ್ರಿಯಾಲಬ್ಧವನ್ನು ಬರೆಯುವ ಕ್ರಮವೂ ಸುಲಭ. ಕ್ರಿಯೆಯಿಂದ ಹುಟ್ಟುವ ಅಯಾನುಗಳ ಸಾರತೆಯನ್ನು ಮೇಲೆಯೂ, ವ್ಯಯವಾಗುವವುಗಳ ಸಾರತೆಯನ್ನು ಕೆಳಗೂ ಇಟ್ಟು ಭಾಗಿಸಬೇಕು. ಸಮೀಕರಣದಲ್ಲಿ ಒಂದು ಅಯಾನು ಎರಡು ಸಲ ಬಂದರೆ ಅದರ ಸಾರತೆಯನ್ನು ವರ್ಗಿಸಬೇಕು. ಶುದ್ಧ ಘನಲೋಹಗಳಿಗೆ ಲೆಕ್ಕದಲ್ಲಿ ಸ್ಥಾನವಿಲ್ಲ. ಪಟ್ಟಿ ಚಿಕ್ಕದಾದರೂ ದೊಡ್ಡದಾದರೂ ವಿಭವ ಒಂದೇ.

ನಮ್ಮ ಕೋಶದಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ೨. ಆದುದರಿಂದ ಒಂದೊಂದು ಮೆಟ್ಟಿಲು ೦.೦೨೯೬ ವೋಲ್ಟ್. ಸತುವು ೧, ತಾಮ್ರ ೦.೧, ಲಬ್ಧ ೧೦, ಅದರ ಲಾಗ್ ೧. ಆದಕಾರಣ ವಿಭವ ೧.೧೦ − ೦.೦೩ = ೧.೦೭ ವೋಲ್ಟ್. ತಾಮ್ರದ ಸಾರತೆಯನ್ನು ೦.೦೦೧ಕ್ಕೆ ಇಳಿಸಿದರೆ ಲಬ್ಧ ೧೦೦೦, ಲಾಗ್ ೩; ವಿಭವ ೧.೦೧ ವೋಲ್ಟ್. ತಲೆಕೆಳಗು ಮಾಡಿ ಸತುವನ್ನು ೦.೦೦೧, ತಾಮ್ರವನ್ನು ೧ ಎಂದಿಟ್ಟರೆ ಲಾಗ್ −೩. ಆಗ ವಿಭವ ೧.೧೯ ವೋಲ್ಟ್. ವಿದ್ಯಾರ್ಥಿನಿಯ ೧.೦೭ ಬಂದುದು ಹೀಗೆ.

ಕೋಶವು ಬರಿದಾಗುವ ಬಗೆ

ಈ ಸೂತ್ರ ಪರೀಕ್ಷೆಯ ಲೆಕ್ಕಕ್ಕಷ್ಟೇ ಮೀಸಲಲ್ಲ. ಎರಡು ದ್ರಾವಣಗಳೂ ೧ ಮೋಲ್ ಇರುವ ಕೋಶವನ್ನು ಕೆಲಸಕ್ಕೆ ಹಚ್ಚಿದೆವೆನ್ನೋಣ. ತಾಮ್ರದ ಅಯಾನುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ವ್ಯಯವಾದಾಗ ತಾಮ್ರ ೦.೧, ಸತುವು ೧.೯, ಲಬ್ಧ ೧೯. ವಿಭವ ಇಳಿದಿರುವುದು ೧.೦೬ಕ್ಕೆ ಮಾತ್ರ! ಸಾವಿರದಲ್ಲಿ ೯೯೯ ಪಾಲು ತೀರಿಹೋದರೂ ೧.೦೦ ವೋಲ್ಟ್ ಉಳಿದಿರುತ್ತದೆ. ಬೊಕ್ಕಸ ಬರಿದಾಗುತ್ತ ಬಂದರೂ ಮುಖದಲ್ಲಿ ತೋರಗೊಡದ ಮನೆಯ ಯಜಮಾನನಂತೆ ಕೋಶವೂ ಕಡೆಯವರೆಗೆ ಗಾಂಭೀರ್ಯವನ್ನು ಕಾಯ್ದುಕೊಳ್ಳುತ್ತದೆ. ವಿಭವವು ಪೂರ್ತಿ ಸೊನ್ನೆಯಾಗಬೇಕಾದರೆ ಲಬ್ಧವು ೧ರ ಮುಂದೆ ೩೭ ಸೊನ್ನೆಗಳನ್ನಿಟ್ಟಷ್ಟು ಬೆಳೆಯಬೇಕು. ಆಗ ಕ್ರಿಯೆ ಸಮತೋಲಕ್ಕೆ ಬಂದಿತೆಂದು ಅರ್ಥ. ಕೋಶ ಸತ್ತಿತೆಂದು ನಾವು ಹೇಳುವುದು ಈ ಸಮತೋಲಕ್ಕೇ.

ಮೋಟಾರು ಗಾಡಿಗಳ ಸೀಸದ ಬ್ಯಾಟರಿಯಲ್ಲಿ ಗಂಧಕಾಮ್ಲವೇ ಕ್ರಿಯೆಯಲ್ಲಿ ವ್ಯಯವಾಗುವ ವಸ್ತು, ನೀರು ಹುಟ್ಟುವ ವಸ್ತು. ಬ್ಯಾಟರಿ ಬರಿದಾದಂತೆ ಆಮ್ಲ ತೆಳುವಾಗುತ್ತದೆ, ವಿಭವವೂ ತಗ್ಗುತ್ತದೆ. ಆಮ್ಲದ ಸಾಪೇಕ್ಷ ಸಾಂದ್ರತೆಯನ್ನು ಅಳೆದು ಬ್ಯಾಟರಿಯ ಸ್ಥಿತಿಯನ್ನು ಹೇಳುವ ಕುಶಲಿಗೆ ನೆರ್ನ್ಸ್ಟನ ಹೆಸರು ತಿಳಿಯದಿರಬಹುದು. ಅವನು ಅನುಸರಿಸುವುದು ಮಾತ್ರ ಅದೇ ನಿಯಮವನ್ನು.

ಇನ್ನೂ ವಿಸ್ಮಯಕರವಾದ ಕೋಶಗಳು ನಮ್ಮ ದೇಹದಲ್ಲಿಯೇ ಇವೆ. ನರಕೋಶದ ಒಳಗೆ ಪೊಟಾಸಿಯಮ್ಮಿನ ಅಯಾನು ಲೀಟರಿಗೆ ಸುಮಾರು ೦.೧೪ ಮೋಲ್, ಹೊರಗೆ ಸುಮಾರು ೦.೦೦೫ ಮೋಲ್, ಅನುಪಾತ ೨೮. ದೇಹದ ಉಷ್ಣತೆಯಾದ ೩೭ ಡಿಗ್ರಿಯಲ್ಲಿ ಮೆಟ್ಟಿಲು ೦.೦೬೧೫ ವೋಲ್ಟ್, ೨೮ರ ಲಾಗ್ ೧.೪೫. ಗುಣಿಸಿದರೆ ೦.೦೮೯ ವೋಲ್ಟ್, ಒಳಭಾಗ ಋಣ. ೧೯೦೨ರಲ್ಲಿ ಯೂಲಿಯಸ್ ಬರ್ನ್‌ಸ್ಟೈನ್ ಎಂಬ ಜರ್ಮನ್ ಶರೀರವಿಜ್ಞಾನಿ ನರಗಳ ವಿದ್ಯುತ್ತನ್ನು ವಿವರಿಸಿದುದು ಈ ಹಾದಿಯಲ್ಲೇ. ಸೋಡಿಯಮ್ಮಿನ ಅಯಾನುಗಳೂ ತುಸು ಒಳಸೋರುವುದರಿಂದ ನಿಜವಾಗಿ ಅಳೆದಾಗ ಸಿಗುವುದು ಇದಕ್ಕಿಂತ ಕಡಿಮೆ, ಅನೇಕ ನರಕೋಶಗಳಲ್ಲಿ ೦.೦೭ ವೋಲ್ಟಿನ ಆಸುಪಾಸು. ಈ ಸಾಲುಗಳನ್ನು ಓದುವಾಗ ವಾಚಕರ ಮಿದುಳಿನಲ್ಲಿ ನಡೆಯುತ್ತಿರುವ ವ್ಯಾಪಾರಕ್ಕೂ ಬೀಕರಿನ ತಾಮ್ರಕ್ಕೂ ಒಂದೇ ಗಣಿತ!

ಮೂರನೆಯ ಅಂಕಿ

ಈಗ ಪ್ರಯೋಗಶಾಲೆಗೆ ಮರಳೋಣ. ವಿದ್ಯಾರ್ಥಿನಿಯ ಲೆಕ್ಕ ೧.೦೭ ಎಂದಿತು, ಮಾಪಕ ೧.೦೯ ಎಂದಿತು. ಹಾಗಾದರೆ ಸೂತ್ರ ತಪ್ಪೇ?

ಸೂತ್ರ ತಪ್ಪಲ್ಲ, ಅದರೊಳಗೆ ಹಾಕಿದ ಸಾರತೆಯ ಅಂಕಿಗಳು ಸಾಲವು. ಅಯಾನುಗಳು ವಿದ್ಯುದಂಶವುಳ್ಳವು. ದಟ್ಟವಾದ ದ್ರಾವಣದಲ್ಲಿ ಧನ ಅಯಾನಿನ ಸುತ್ತ ಋಣ ಅಯಾನುಗಳು ಮುತ್ತಿಕೊಂಡು ಅದರ ಸ್ವಾತಂತ್ರ್ಯವನ್ನು ತಗ್ಗಿಸುತ್ತವೆ. ಆದುದರಿಂದ ಅದು ಎಣಿಕೆಯಲ್ಲಿರುವುದಕ್ಕಿಂತ ಕಡಿಮೆ ಸಾರತೆಯಿರುವಂತೆ ವರ್ತಿಸುತ್ತದೆ. ಈ ಪರಿಣಾಮಕಾರಿ ಸಾರತೆಗೆ ಸಕ್ರಿಯತೆಯೆಂದು ಹೆಸರು. ೧೯೦೭ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಈ ಕಲ್ಪನೆಯನ್ನು ಮುಂದಿಟ್ಟನು. ೧೯೨೩ರಲ್ಲಿ ಡಿಬೈ ಮತ್ತು ಹುಕೆಲ್ ಇಬ್ಬರೂ ತೆಳು ದ್ರಾವಣಗಳಿಗೆ ಸಲ್ಲುವ ಅದರ ಸಿದ್ಧಾಂತವನ್ನು ಕೊಟ್ಟರು.

ಅಳತೆಗಳ ಪ್ರಕಾರ ೧ ಮೋಲ್ ಸತುವಿನ ಸಲ್ಫೇಟಿನ ಅಯಾನುಗಳು ಸುಮಾರು ೦.೦೪೩ ಮೋಲ್ ಇರುವಂತೆ ಮಾತ್ರ ವರ್ತಿಸುತ್ತವೆ, ೦.೧ ಮೋಲ್ ತುತ್ತದವು ಸುಮಾರು ೦.೦೧೫ ಮೋಲ್ ಇರುವಂತೆ. ತೆಳುವಾದ ದ್ರಾವಣದಲ್ಲಿ ಅಯಾನುಗಳಿಗೆ ಹೆಚ್ಚು ಸ್ವಾತಂತ್ರ್ಯವೆಂಬುದನ್ನು ಇಲ್ಲಿ ಗಮನಿಸಬೇಕು. ಆದಕಾರಣ ನಿಜವಾದ ಲಬ್ಧ ೧೦ ಅಲ್ಲ, ಸುಮಾರು ೨.೯. ಅದರ ಲಾಗ್ ೦.೪೬, ೦.೦೨೯೬ರಿಂದ ಗುಣಿಸಿದರೆ ೦.೦೧೪. ವಿಭವ ೧.೧೦ − ೦.೦೧೪, ಎರಡು ದಶಾಂಶಗಳಿಗೆ ೧.೦೯ ವೋಲ್ಟ್!

ಸಕ್ರಿಯತೆಯನ್ನು ಲೆಕ್ಕಕ್ಕೆ ತಂದ ಮೇಲೂ ದ್ರಾವಣಗಳು ಸಂಧಿಸುವೆಡೆಯಲ್ಲಿ ಹುಟ್ಟುವ ಅಲ್ಪ ವಿಭವವೊಂದು ಉಳಿಯುತ್ತದೆ. ಲವಣಸೇತುವೆ ಅದನ್ನು ಬಹುಮಟ್ಟಿಗೆ ಅಡಗಿಸುತ್ತದೆ. ಮಾಪಕವು ಕೋಶದಿಂದ ಅತ್ಯಲ್ಪ ಪ್ರವಾಹವನ್ನು ಮಾತ್ರ ಸೆಳೆಯುವಂಥದಾಗಿರಬೇಕು. ಇಲ್ಲವಾದರೆ ಕೋಶದ ಒಳತಡೆಯೇ ಅಂಕಿಯನ್ನು ತಗ್ಗಿಸಿಬಿಡುತ್ತದೆ.

ಹೀಗೆ ಮೂರು ಅಂಕಿಗಳಲ್ಲಿ ನಿಜವಾದುದು, ಇಬ್ಬರೂ ಕಂಡು ಇಬ್ಬರೂ ಕೈಬಿಟ್ಟ ಅಂಕಿಯೇ. ಒಬ್ಬನು ಕೋಷ್ಟಕವನ್ನು ನಂಬಿದನು, ಇನ್ನೊಬ್ಬಳು ಸೂತ್ರವನ್ನು ನಂಬಿದಳು. ಎದುರಿಗಿದ್ದ ಕೋಶದ ಮಾತನ್ನು ಯಾರೂ ನಂಬಲಿಲ್ಲ. ಕೋಷ್ಟಕವೂ ಬೇಕು, ಸೂತ್ರವೂ ಬೇಕು; ಆದರೆ ಅವೆರಡೂ ಹುಟ್ಟಿದುದು ಕಂಡುದನ್ನು ಕಂಡಂತೆ ಬರೆದಿಟ್ಟವರ ಪುಸ್ತಕಗಳಿಂದ. ಲೆಕ್ಕಕ್ಕೂ ಅಳತೆಗೂ ನಡುವೆ ಉಳಿದ ಆ ಎರಡು ನೂರಂಶ ವೋಲ್ಟಿನಲ್ಲಿ ಅಯಾನುಗಳ ಪರಸ್ಪರ ಸೆಳೆತದ ಕಥೆಯೇ ಅಡಗಿದ್ದಿತು. ಮುಂದೆ ನಮ್ಮ ಮಾಪಕದ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದಾಗ ಅಳಿಸುವ ರಬ್ಬರನ್ನು ದೂರವಿಟ್ಟು, ಕಂಡುದನ್ನು ಬರೆದು, ಅದರ ಪಕ್ಕದಲ್ಲಿ 'ಏಕೆ?' ಎಂಬ ಒಂದು ಪ್ರಶ್ನೆಯನ್ನು ಇಡೋಣ.